ತೊಂಬತ್ತರ ಗೆರಿ

ಅಕ್ಕಲಕೋಟ ರಸ್ತಾದ ಶೆಡ್ಡಿನ್ಯಾಗ
ಟಾವೆಲ್ ನೇಯೂ ಮಗ್ಗಕ್ಕ ನಾನು ಜಾಬರ್,
ಮೂವತ್ತೊಂದು ವರ್ಷ.
ಒಂದು ಎಳಿ ಹರದ್ರ ತಂತಿ ಬೀಳ್ತದ,
ತಂತಿ ಬಿದ್ರ ಮಗ್ಗ ನಿಲ್ತದ,
ಗಂಟು ಹಾಕಿ ಮತ್ತ ಹಿಡಿಕಿ ಎಳೀಬೇಕು.
ಅಲ್ಲಿ ಮಾತು ಕೇಳಸೂದಿಲ್ಲ.
ಹೆಗಲ ಮ್ಯಾಲ ಎರಡು ಸಲ ಬಡದ್ರ
ನಡದದ, ನೀ ಹೋಗು, ಅಂತ ಅರ್ಥ.

ತಾಸಿಗೆ ನಾಕು ಸಲ ನಿಂತ್ರ ಚಿಂತಿಲ್ಲ.
ನಲವತ್ತು ಸಲ ನಿಂತ್ರ
ಮೋಡಕಿಗೆ ಹಾಕು ಅಂತಾನ ಶೇಠ.

'ತ್ರೇಚಾಳೀಸ್' ಅಂದಳು ದವಾಖಾನಿ ಶ್ರದ್ಧಾ,
ಮರಾಠಿಯೊಳಗ, ಪೆನ್ನಿನ ತುದಿ ಕಾಗದಕ್ಕ ಊರಿ.
ಮಗ್ಗದ ಲೆಕ್ಕ ಅಲ್ಲ ಅದು.
ನಾ ಮಲಗಿದ ಮ್ಯಾಲಿನ ಒಂದು ತಾಸಿನ ಲೆಕ್ಕ.

ಮ್ಯಾಲಿನ ಗೆರಿ ಆಕ್ಸಿಜನ್, ಕೆಳಗಿಂದು ನಾಡಿ.
ಮ್ಯಾಲಿಂದು ಹಲ್ಲು ಮುರದ ಹಣಗಿ ಆಗಿತ್ತು.
ಎಪ್ಪತ್ತೊಂದಕ್ಕ ಮುಟ್ಟಿದ್ದೊಂದು ಹಲ್ಲಿನ ಮ್ಯಾಲ
ನನ್ನ ಕಣ್ಣು ನೆಟ್ಟು ನಿಂತ್ವು.
'ಕಾಕಾ, ಅದು ಒಂದು ಕ್ಷಣದ್ದು.
ತೊಂಬತ್ತರ ಕೆಳಗ ಎಷ್ಟೊತ್ತು ಇದ್ರಿ
ಅದನ್ನ ಕೇಳ್ರಿ.'
ಕೇಳಿದೆ.
ಎರಡು ತಾಸು, ಹತ್ತು ಮಿನಿಟು.

ದಿನಾ ರಾತ್ರಿ ಎರಡು ತಾಸು ನೀರಾಗ ಮುಳುಗಿ
ಮುಂಜಾನೆ ಒಣಾ ತಲಿ ಹೊತ್ತು
ಪಾಳಿಗೆ ಬಂದೀನಿ, ಇಷ್ಟು ವರ್ಷ.
ಚಹಾ ಕುಡೀತಾ ತೂಕಡಿಸಿದ್ರ
'ವಯಸ್ಸಾತು' ಅಂತಿದ್ರು ಮಂದಿ. ನಾನೂ ಅಂತಿದ್ದೆ.

ಮಶೀನ್ ಬಂತು. ಮೂಗಿಗೆ ಮಾಸ್ಕು, ಮಾಸ್ಕಿಗೆ ನಳಿಗಿ,
ತೋರಬೆರಳಿಗೆ ಕೆಂಪಗ ಮಿಣುಕೂ ಕ್ಲಿಪ್ಪು.
ಮೊದಲನೇ ರಾತ್ರಿ ಮುಗದು ನೋಡಿದ್ರ
ಎರಡು ನಲವತ್ತಕ್ಕ ಗೆರೀನ ಇಲ್ಲ. ಸೊನ್ನಿ!
ಅವಳು ನಕ್ಕಳು: 'ಇದು ನೀವಲ್ಲ, ಕ್ಲಿಪ್ಪು.
ಬಚ್ಚಲಕ್ಕ ಎದ್ದಿದ್ರೇನು?'
ಎದ್ದಿದ್ದೆ.
ನಾಕರ ಹೊತ್ತಿನ ಇಳಿತ ಮಾತ್ರ ಖರೇವು:
ಅಂಗಾತ ಮಲಗಿದ್ದೆ, ಕನಸಿನ ಹೊತ್ತು,
ಅದರ ಮ್ಯಾಲ ಮೀಸಿ ಸಂದೀಲೆ ಗಾಳಿ ಸೋರಿತ್ತು.
ಮದುವಿಗಿಂತ ಹಳೇ ಮೀಸಿ.
ಶುಕ್ರವಾರ ತಗಸಿದೆ.
ಶೆಡ್ಡಿನ ಹುಡುಗರು ಎರಡು ದಿನ ನಕ್ಕರು.

ಒಂದು ಗೇಣು ನೋಡಿ ಇಡೀ ತಾನಿನ ಕಿಮ್ಮತ್ತು
ಯಾರೂ ಕಟ್ಟೂದಿಲ್ಲ; ಅಷ್ಟು ನನಗ ಗೊತ್ತದ.
ಒಂದು ರಾತ್ರಿ ಚಲೋ, ಒಂದು ಕೆಟ್ಟದ್ದು,
ಒಂದಿನ ಕರೆಂಟು ಹೋಗಿ ಬೆವತು ಎದ್ದು ಕೂತೆ.
ಮೂರನೇ ವಾರಕ್ಕ
ತೊಂಬತ್ತರ ಕೆಳಗ ನಾಕು ಮಿನಿಟು, ಅಷ್ಟ.

ಸೋಮವಾರ ಕ್ಲಿಪ್ಪು ವಾಪಸ್ ಕೊಡಬೇಕಿತ್ತು.
ಆಯಿತವಾರ ರಾತ್ರಿ ಮಹಾನಂದಾ
'ನಂದೂ ಒಂದು ನೋಡೂಣು' ಅಂತ
ತನ್ನ ಬೆರಳಿಗೆ ಸಿಗಸಿಕೊಂಡಳು.

ಶ್ರದ್ಧಾ ಕಾಗದ ತಗದು ಸುಮ್ಮನಾದಳು.
ಮ್ಯಾಲಿನ ಗೆರಿ ತೊಂಬತ್ತೇಳು, ಬಿಗದ ಹಾಸಿನ್ಹಂಗ.
ಕೆಳಗಿಂದು
ಪ್ರತಿ ಹದಿನೈದು ಮಿನಿಟಿಗೆ ಜಿಗದಿತ್ತು,
ಬೆಳತನಕ.
'ಕಾಕಾ, ಇದು ನಿಮ್ಮದಲ್ಲ. ಯಾರ್ದಿದು?
ಇವರು ನಿದ್ದೀನ ಮಾಡಿಲ್ಲ.'

ಹತ್ತೊಂಬತ್ತು ವರ್ಷ
ನನ್ನ ಉಸಿರು ಹರದಾಗೊಮ್ಮೆ
ಹೆಗಲು ಹಿಡದು ಅಲುಗಿಸಿದ ಕೈ.
ಅಕಿನ ಆ ತಂತಿ.
ಮಗ್ಗ ಈಗ ನೆಟ್ಟಗ ನಡದದ.
ತಂತಿಗೆ ಯಾರೂ ಹೇಳಿಲ್ಲ.

ಮನಿಗೆ ಬಂದ್ರ ರೊಟ್ಟಿ ಬಡಿಯಾಕತ್ತಿದ್ದಳು.
'ನಂದೆಷ್ಟು ಬಂತು?'
'ತೊಂಬತ್ತೇಳು.'
'ನೋಡು ಮತ್ತ!' ಅಂದಳು, ಪಾಸಾದ ಹುಡುಗೀಹಂಗ.
ಕಾಗದ ಮಡಚಿ ಅಂಗಿ ಕಿಸೆದಾಗ ಇಟ್ಟೆ.

ಆ ರಾತ್ರಿ ಮಾಸ್ಕು ಹಾಕಿಕೊಂಡು
ಕಣ್ಣು ತೆರದ ಮಲಗಿದ್ದೆ.
ಹದಿನೈದು ಮಿನಿಟಾಗಿರಬೇಕು,
ಕತ್ತಲದಾಗ ಅಕಿ ಕೈ ನನ್ನ ಕಡೆ ಹೊರಳಿತು.
ಮಾಸ್ಕಿನೊಳಗಿಂದ ಮಾತು ಬರೂದಿಲ್ಲ.
ಅಕಿ ಹೆಗಲಿಗೆ ಎರಡು ಸಲ ಬಡದೆ.