ಬಿ ಸೈಡ್

ಸಿರಿಲ್ ಕೊಟ್ಟ ತೊಂಬತ್ತು ನಿಮಿಷದ ಕ್ಯಾಸೆಟ್ಟು.
ಮೇಲೆ ಪೆನ್ಸಿಲಲ್ಲಿ ಬರೆದಿದ್ದ ಹೆಸರನ್ನು
ನನ್ನ ಹೆಬ್ಬೆರಳೇ ಅಳಿಸಿ ಹಾಕಿದೆ.

ಪೀಣ್ಯದಲ್ಲಿ ಎಂಟು ಗಂಟೆ ಪ್ರೆಸ್ಸಿನ ಮುಂದೆ ನಿಂತು ಬಂದವನಿಗೆ
ಮತ್ತೆ ಯಂತ್ರದ ಸದ್ದೇ ಯಾಕೋ, ಅಂದಿದ್ದೆ.
ಕೇಳು, ಅಂದ.
ರಜೆ ಹಾಕಿದ ಯಂತ್ರ ಅದು:
ತಗಡು ಕೊರೆಯುವುದಿಲ್ಲ, ಬೆರಳು ಬೇಡುವುದಿಲ್ಲ,
ದೂರದಲ್ಲೆಲ್ಲೋ ತನ್ನ ಪಾಡಿಗೆ ತಾನು
ಧಪ್ ಧಪ್ ಅನ್ನುತ್ತ ಮಂಜಿನೊಳಗೆ ಹೊರಟಿದೆ.
ಮಾತಿಲ್ಲ. ಯಾರೂ ಯಾರನ್ನೂ
ಪ್ರೀತಿಸುತ್ತಿಲ್ಲ ಅದರಲ್ಲಿ.

ಲಿಂಗರಾಜಪುರದ ಅವನ ನಡುಮನೆಯಲ್ಲಿ
ಒಂದು ಟೇಪಿನೆದುರು ಇನ್ನೊಂದಿಟ್ಟು ತುಂಬಿಸಿದ್ದು.
ಬಿ ಸೈಡಿನ ಮೂರನೆಯದರಲ್ಲಿ
ಅವನಜ್ಜಿ ಎರಡು ಸಲ ಕೆಮ್ಮುತ್ತಾಳೆ,
ಸರಿಯಾಗಿ, ಆ ಗಂಟೆಯಂಥ ಸ್ವರ ಇಳಿಯುವ ಮುಂಚೆ.

ಮೊನ್ನೆ ಮೆಟ್ರೊದಲ್ಲಿ, ಮಗಳ ಫೋನಿನಲ್ಲಿ,
ಮೂವತ್ತು ವರ್ಷದ ಮೇಲೆ ಅದೇ ಸಿಕ್ಕಿತು,
ಒಂದು ಗೀರೂ ಇಲ್ಲದೆ.
ಜಾಲಹಳ್ಳಿ ಹೋಯಿತು, ಪೀಣ್ಯ ಹೋಯಿತು,
ನಮ್ಮ ಶೆಡ್ಡಿನ ಜಾಗದಲ್ಲಿ ಯಾರೋ ಕಾರು ತೊಳೆಯುತ್ತಿದ್ದರು.
ಮೂರನೆಯದು ಬಂತು.

ಅಲ್ಲಿ ಸುಮ್ಮನೆ ಜಾಗವಿತ್ತು,
ಎರಡು ಕೆಮ್ಮಿನಷ್ಟು.
ಪಕ್ಕದವರು ತಿರುಗಿ ನೋಡಿದಾಗಲೇ ಗೊತ್ತಾದದ್ದು
ಕೆಮ್ಮಿದ್ದು ನಾನು.