ಆರನೆಯ ಲೂಪು

ಮೂವತ್ತೆಂಟು ಹುಡುಗರು, ಹನ್ನೊಂದು ಕಂಪ್ಯೂಟರು,
ಅದರಲ್ಲಿ ಎರಡಕ್ಕೆ ಮೌಸಿಲ್ಲ.
ಫ್ಯಾನು ತಿರುಗಿದರೆ ಬಿಸಿಗಾಳಿ, ನಿಂತರೆ ಬೆವರು;
ಬಳ್ಳಾರಿಯ ಮಾರ್ಚಿಗೆ ಎಲ್ಸ್ ಎಂಬುದಿಲ್ಲ.

ಬೋರ್ಡಿನ ಮೇಲೆ ಬರೆದೆ:
ಐ ಸೊನ್ನೆಯಿಂದ ಶುರು,
ಐದಕ್ಕಿಂತ ಕಡಿಮೆ ಇರುವ ತನಕ
ಸುತ್ತಿಗೊಂದು ಕೂಡಿಸು.
ಮೂರು ಸಲ ಹೇಳಿದೆ. ಮೂರನೆಯ ಸಲ
ನನ್ನ ದನಿ ನನಗೇ ಗೈಡು ಓದಿದಂತೆ ಕೇಳಿತು.

"ತಿಳೀತಾ?"
"ತಿಳೀತ್ರೀ" ಎಂದರು ಎಲ್ಲರೂ ಒಟ್ಟಿಗೆ.
ತಿಳಿಯದಿದ್ದಾಗ ಮಾತ್ರ ಅಷ್ಟು ಒಗ್ಗಟ್ಟು.

ಗಾದಿಲಿಂಗನ ಪರದೆಯಲ್ಲಿ
ಒಂದೇ ಸಾಲು ಇಳಿಯುತ್ತಲೇ ಇತ್ತು,
ಸಂಡೂರಿನ ಕಡೆಯಿಂದ ಅದಿರು ಲಾರಿ ಬಂದಂತೆ
ಒಂದರ ಬೆನ್ನಿಗೊಂದು.
"ಮೇಡಂ, ನಿಂದ್ರವಲ್ದ್ರಿ!" ಎಂದ,
ಕೀಬೋರ್ಡು ಸುಟ್ಟಂತೆ ಕೈ ಎತ್ತಿ.
ಕಂಟ್ರೋಲು, ಸಿ. ಎರಡೇ ಬೆರಳು. ನಿಂತಿತು.
ಮಂತ್ರ ಹಾಕಿದವಳನ್ನು ನೋಡುವಂತೆ ನೋಡಿದರು,
ನನಗದು ಇಷ್ಟವಾಯಿತು, ಸುಳ್ಳು ಯಾಕೆ.
ಒಂದು ಕೂಡಿಸುವುದ ಮರೆತಿದ್ದ, ಅಷ್ಟೇ.

ಹಿಂದಿನ ಬೆಂಚಿನಲ್ಲಿ ಮಾಬುನ್ನಿ.
ಬೆರಳ ತುದಿ ನೀಲಿ; ಶಾಯಿಯಲ್ಲ, ಬಟ್ಟೆ ಬಿಟ್ಟ ಬಣ್ಣ.
ಕೌಲ್‌ಬಜಾರಿನ ಒಂದು ಕೋಣೆಯಲ್ಲಿ ರಾತ್ರಿ ಹತ್ತರ ತನಕ
ತಾಯಿಯ ಜೊತೆ ಜೀನ್ಸಿಗೆ ಲೂಪು ಹೊಲಿಯುತ್ತಾಳೆ,
ಬೆಲ್ಟು ಹಾಯುವುದಕ್ಕೆ,
ಪೀಸಿಗಿಷ್ಟು ಎಂದು.
ಅವಳ ಪ್ರೋಗ್ರಾಂ ಆರು ಸಲ ಓಡಿತ್ತು.
ನಾನು ಕೇಳಿದ್ದು ಐದು.

"ಕಡಿಮೆ ಇರುವ ತನಕ ಅಂದೆ, ನೀನು
ಐದನ್ನೂ ಒಳಗೆ ಕರೆದಿದ್ದೀ" ಎಂದು ಬೆರಳಿಟ್ಟೆ
ಆ ಪುಟ್ಟ ಸಮ ಚಿಹ್ನೆಯ ಮೇಲೆ.
ಅವಳು ಪರದೆ ನೋಡಲಿಲ್ಲ,
ಗಾದಿಲಿಂಗನ ಸೊಂಟ ನೋಡಿದಳು:
ಮುಂದೆರಡು, ಬದಿಗೆರಡು, ಬೆನ್ನಿಗೊಂದು.
ಅವನು ಅಂಗಿ ಕೆಳಗೆಳೆದುಕೊಂಡ. ಲ್ಯಾಬು ನಕ್ಕಿತು.

"ಮೊದಲನೇದು ಸೊನ್ನೇನಾ ಮೇಡಂ?"
"ಹೌದು."
"ಹೊಲಿದ ಮ್ಯಾಲೂ ಸೊನ್ನೇನಾ?
ಸೇಟು ಹಿಂಗ ಎಣಿಸಿದ್ರ
ಅಮ್ಮಿಗೆ ಒಂದು ಪೀಸಿನ ರೊಕ್ಕ ಖೋತಾ."

ಉತ್ತರವಿತ್ತು ನನ್ನ ಬಳಿ, ನೋಟ್ಸಿನಲ್ಲಿ,
ಮೆಮೊರಿ, ವಿಳಾಸ, ಬಾಣದ ಗುರುತು.
ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಹೋಯಿತು.
ಹನ್ನೊಂದು ಪರದೆ ಒಮ್ಮೆಗೇ ಕಪ್ಪು.
ಯಾರೂ ಸೇವ್ ಮಾಡಿರಲಿಲ್ಲ.

ಕತ್ತಲಲ್ಲಿ ಅವಳೇ ಅಂದಳು, ತನಗೆ ತಾನೇ ಅಂದಂತೆ:
"ಟೇಪೂ ಸೊನ್ನೆಯಿಂದಾನೇ ಶುರು ಅಲ್ರೀ.
ಎಷ್ಟು ಹೊಲಿದಿ ಅಂತಲ್ಲ ಅದು,
ಎಷ್ಟು ದೂರ ಬಂದಿ ಅಂತ."

ಆರು ವರ್ಷದಿಂದ ಇದೇ ಪಾಠ ಹೇಳುತ್ತಿದ್ದೇನೆ.
ಕಿಟಕಿ ತೆರೆದೆ. ಬೇರೇನೂ ತೋಚಲಿಲ್ಲ.

ಸೋಮವಾರ ಅವಳು ತಂದದ್ದು ಒಂದು ರಿಜೆಕ್ಟು ಪಟ್ಟಿ,
ಪ್ಯಾಂಟಿಲ್ಲದ ಬರೀ ಸೊಂಟ.
"ನಿನ್ನೆ ರಾತ್ರಿ ಪ್ರೋಗ್ರಾಮಿನ ಗುಂಗಿನೊಳಗ
ಆರು ಹೊಲಿದುಬಿಟ್ಟೆ. ಅಮ್ಮಿ ಬೈದಳು.
ಬಿಚ್ಚಲೇನ್ರಿ?"

ಬೋರ್ಡು ಒರೆಸಲು ಇಟ್ಟುಕೊಂಡಿದ್ದೇನೆ.
ಸುಣ್ಣದ ಪುಡಿ ತುಂಬಿ ನೀಲಿ ಮಾಸಿದೆ.
ಹೆಬ್ಬೆರಳು ಹಾಯುವುದು ಆ ಆರನೆಯದರೊಳಗೇ,
ಮೊಳೆಗೆ ನೇತುಹಾಕುವುದೂ ಅದರಿಂದಲೇ.