ಹತ್ತು ಆಂಪಿಯರ್

ಬಸ್ರಾದಲ್ಲಿ ಆಗಸ್ಟ್. ಬಾಗಿಲ ಚಿಲಕವನ್ನೂ
ಬಟ್ಟೆ ಸುತ್ತಿ ಮುಟ್ಟಬೇಕು.
ಓಣಿಯ ಜನರೇಟರಿನಲ್ಲಿ ನಮ್ಮ ಪಾಲು ಹತ್ತೇ ಆಂಪಿಯರ್;
ಅಷ್ಟೇ ಹಾಸಿಗೆ, ಅಷ್ಟಕ್ಕೇ ಕಾಲು.

ಕಂಪ್ರೆಸರ್ ಮಾತ್ರ ಆರಂಭಶೂರ.
ಓಡುವಾಗ ಆರು ಸಾಕು ಅದಕ್ಕೆ,
ಏಳುವಾಗ ಮೂವತ್ತು ಬೇಕು, ಒಂದೇ ಕ್ಷಣ.
ಆ ಒಂದು ಕ್ಷಣಕ್ಕಾಗಿ ಹಸ್ನಾ ಅಜ್ಜಿ
ಫ್ರಿಜ್ಜು, ಫ್ಯಾನು, ನನ್ನ ಓದಿನ ದೀಪ
ಎಲ್ಲ ಆರಿಸಿ, ಬಿಸ್ಮಿಲ್ಲಾ ಅಂದು ಗುಂಡಿ ಒತ್ತುವಳು.
ಗುಡ್. ಟಪ್. ಕತ್ತಲೆ.
ಚಪ್ಪಲಿ ತಡಕಾಡಿ ನಾನು ಕಂಬದ ಬಳಿಗೆ ಓಟ,
ಬಿದ್ದ ಬ್ರೇಕರ್ ಎತ್ತಲು.

ನಿನ್ನೆ ನಿಬ್ರಾಸ್ ಬಂದ,
ಸೋಪಿನಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ತಂದ.
ಹಲ್ಲಿನಲ್ಲೇ ತಂತಿ ಸುಲಿಯುತ್ತ ಹೇಳಿದ:
"ಒಮ್ಮೆಲೇ ಎಬ್ಬಿಸಬಾರದು ಅಜ್ಜಿ, ಮೋಟಾರೂ ಮಗುವಿದ್ದಂತೆ."
"ನಿನ್ನನ್ನು ನಿಮ್ಮವ್ವ ನೀರೆರಚಿ ಎಬ್ಬಿಸುತ್ತಿದ್ದಳಲ್ಲೋ,"
ಅಂದಳು ಅಜ್ಜಿ, ನೋಟು ಎಣಿಸುತ್ತ.

ಈ ರಾತ್ರಿ
ಅದು ಯಾವಾಗ ಶುರುವಾಯಿತೋ ತಿಳಿಯಲಿಲ್ಲ.
ನನ್ನ ದೀಪ ರೆಪ್ಪೆ ಬಡಿಯಲಿಲ್ಲ.
ಪರದೆಯ ಅಂಚು ಮೆಲ್ಲಗೆ ಅಲುಗಿತು, ಅಷ್ಟೆ.

ಅಜ್ಜಿ ಇನ್ನೂ ಉಸಿರು ಹಿಡಿದೇ ಕೂತಿದ್ದಾಳೆ.
ನಾನು ನಿಂತಿದ್ದೇನೆ,
ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿಕೊಂಡು.